ಅರ್ಧ ವಾಕ್ಯದ ಪಾಯಸ

ಅವರ ಎಡಗಿವಿ ಮಡಿಸಿದ ವೀಳ್ಯದೆಲೆಯ ಹಾಗೆ ಮುಂದಕ್ಕೆ ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಕಟಕಟೆಯಲ್ಲಿ ನಿಂತು ಹೆದರಿ ಮಾತಾಡುವವರ ಸಣ್ಣ ಸ್ವರ ಕೇಳಲಿಕ್ಕೆ ಕಿವಿಯ ಹಿಂದೆ ಅಂಗೈ ಒತ್ತಿ ಒತ್ತಿ, ಮೂವತ್ತು ವರ್ಷದಲ್ಲಿ ಕಿವಿಯೇ ಹಾಗೆ ನಿಂತುಬಿಟ್ಟಿತ್ತು. ಎದುರಿನಿಂದ ನೋಡಿದರೆ ಮುಖದ ಒಂದು ಪಕ್ಕ ಯಾವಾಗಲೂ ಯಾರದೋ ಅಹವಾಲು ಕೇಳುತ್ತಾ ಇದೆ, ಇನ್ನೊಂದು ಪಕ್ಕ ಮನೆಗೆ ಬಂದು ಕೂತಿದೆ ಎಂಬಂತೆ ಕಾಣುತ್ತಿತ್ತು.

ಅವರು ಮ್ಯಾಜಿಸ್ಟ್ರೇಟ್ ಕೋರ್ಟಿನ ದುಬಾಷಿ. ಬೋಳಾರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗಿಡ್ಡ ಕೆಂಪುಕಲ್ಲಿನ ಗೋಡೆ. ನಮ್ಮ ತುಳುವರಲ್ಲಿ ಕ್ರಿಸ್ತಾನರನ್ನು ಮರ್ಯಾದೆಯಿಂದ ‘ಪೊರ್ಬು’ ಎಂದು ಕರೆಯುವ ರೂಢಿ. ಹಾಗಾಗಿ ಓಣಿಗೆಲ್ಲ ಅವರು ದುಬಾಷಿ ಪೊರ್ಬುಗಳು, ಅವರ ಹೆಂಡತಿ ಬಾಯಮ್ಮ. ನಾನು ಕಾಟಿಪಳ್ಳದ ಬೇಸಾಯದ ಮನೆಯಿಂದ ಮದುವೆಯಾಗಿ ಬಂದವಳು. ನಾಲ್ಕನೆಯ ಕ್ಲಾಸಿನವರೆಗೆ ಕನ್ನಡ ಓದಿದ್ದೆ. ಕಾಗದ ಪತ್ರ ಎಂತದ್ದೇ ಬಂದರೂ ಗೋಡೆಯ ಮೇಲಿಂದ ಅವರ ಕೈಗೆ ಕೊಡುವುದು ನನ್ನ ಅಭ್ಯಾಸವಾಗಿತ್ತು.

ದುಬಾಷಿಯ ಕೆಲಸ ಹೊರಗಿನವರಿಗೆ ಸುಲಭವೆಂದು ಕಾಣುತ್ತದೆ. ಇಲ್ಲಿ ತೋಟದವನು ತುಳುವಿನಲ್ಲಿ ಅಳುತ್ತಾನೆ, ಅಂಗಡಿಯವನು ಕೊಂಕಣಿಯಲ್ಲಿ ಜಗಳ ಮಾಡುತ್ತಾನೆ, ದೋಣಿಯವನು ಬ್ಯಾರಿ ಭಾಷೆಯಲ್ಲಿ ಆಣೆ ಹಾಕುತ್ತಾನೆ. ದೊರೆಗೆ ಬರುವುದು ಇಂಗ್ಲಿಷ್ ಒಂದೇ. ನಡುವೆ ನಿಂತವರು ‘ಅವನು ಹೀಗೆ ಹೇಳುತ್ತಾನೆ’ ಎನ್ನುವಂತಿಲ್ಲ. ಕಟಕಟೆಯಲ್ಲಿ ನಿಂತವನೇ ತಾನಾಗಿ, ‘ನಾನು ಕದ್ದೆ’, ‘ನಾನು ಹೊಡೆದೆ’ ಎಂದೇ ಹೇಳಬೇಕು. ಬಾಯಮ್ಮನಿಗೆ ಅದೊಂದು ನಗೆಯ ವಿಷಯ.

“ಕಚೇರಿಯಲ್ಲಿ ಊರವರ ಪಾಪ ಎಲ್ಲ ಒಪ್ಪಿಕೊಂಡು ಬರ್ತಾರೆ ನೋಡು. ಮನೆಯಲ್ಲಿ ಮೀನು ತರ್ಲಿಕ್ಕೆ ಮರೆತದ್ದನ್ನು ಮಾತ್ರ ಒಪ್ಪುವುದಿಲ್ಲ” ಎಂದು ಗೋಡೆಯ ಮೇಲಿಂದ ನನ್ನಲ್ಲಿ ದೂರು ಹೇಳುತ್ತಿದ್ದರು. ಪೊರ್ಬುಗಳು ಕರಿ ಕೋಟು ಬಿಚ್ಚುತ್ತಾ, ಇವತ್ತು ಎರಡು ಕಳವು, ಒಂದು ಕೈಕಡಿತ ತಾನು ಮಾಡಿದ್ದಾಗಿದೆ, ಇನ್ನು ಮೀನಿನ ಅಪರಾಧಕ್ಕೆ ತನ್ನಲ್ಲಿ ತ್ರಾಣವಿಲ್ಲ ಎನ್ನುತ್ತಿದ್ದರು.

ಮಾತಿನ ವಿಷಯದಲ್ಲಿ ಅವರಷ್ಟು ಎಚ್ಚರದ ಮನುಷ್ಯನನ್ನು ನಾನು ನೋಡಿಲ್ಲ. ಒಮ್ಮೆ ಒಬ್ಬ ಒಕ್ಕಲು ಮಗನಲ್ಲಿ, ಬೇಲಿ ಮುರಿದದ್ದು ನೀನೇ ಅಲ್ಲವೇ ಎಂದು ಎದುರಾಳಿಯ ವಕೀಲ ನಾಲ್ಕು ಸಲ ಕೇಳಿದನಂತೆ. ಆ ಬಡಪಾಯಿ ಕೊನೆಗೆ ‘ಆವು’ ಎಂದನಂತೆ. ತುಳುವಿನಲ್ಲಿ ‘ಆವು’ ಎಂದರೆ ಆಯಿತು. ವಕೀಲ, ಬರೆದುಕೊಳ್ಳಿ, ಒಪ್ಪಿದ ಎಂದ. ಪೊರ್ಬುಗಳು ದೊರೆಯ ಕಡೆ ತಿರುಗಿ, ಇದು ಒಪ್ಪಿಗೆಯ ‘ಆವು’ ಅಲ್ಲ, ಸುಸ್ತಿನ ‘ಆವು’, ಸಾಕು ಬಿಡಿ ಎಂಬ ಅರ್ಥದ್ದು ಎಂದು ಹೇಳಿದರಂತೆ. ಆ ಮನುಷ್ಯ ಪಾರಾದ. ಮರುವರ್ಷ ಅವನು ಒಂದು ಬಾಳೆಗೊನೆ ಹೊತ್ತು ತಂದಾಗ ಪೊರ್ಬುಗಳು ಅದನ್ನು ಒಳಗೆ ತೆಗೆದುಕೊಳ್ಳದೆ, ಅಂಗಳದಲ್ಲೇ ಅವನನ್ನು ಕೂರಿಸಿ ಅವನಿಗೇ ಎರಡು ಹಣ್ಣು ಸುಲಿದು ಕೊಟ್ಟು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಇಂಥವರ ಬಾಯಿಂದಲೇ ನನಗೆ ಆ ಶಬ್ದ ಬರಬೇಕೆಂದು ದೇವರು ಬರೆದಿದ್ದ.

ನನ್ನ ಮನೆಯವರು ಒಂದು ಸಣ್ಣ ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುವವರು. ನಲವತ್ತೆರಡರ ಗಲಾಟೆಯ ಕಾಲ. ಸರಕಾರದ ವಿರುದ್ಧ ಒಂದು ಕರಪತ್ರ ಅಲ್ಲಿ ಅಚ್ಚಾಯಿತೆಂದು ಪೋಲೀಸರು ಬಂದರು. ಬರೆದವನು ಯಾರೋ ಸಿಕ್ಕಲಿಲ್ಲ. ಛಾಪಖಾನೆಯ ಯಜಮಾನ ಆಗಲೇ ರೈಲು ಹತ್ತಿದ್ದ. ಮೊಳೆಯ ಪೆಟ್ಟಿಗೆಯ ಎದುರು ನಿಂತಿದ್ದವರು ಇವರು. ಬೆಳಿಗ್ಗೆ ಗಂಜಿ ಉಂಡು ಹೋದವರು ಮಧ್ಯಾಹ್ನಕ್ಕೆ ಬರಲಿಲ್ಲ. ಕೇಸು ಹಾಕಲಿಲ್ಲ. ಕೇಸು ಹಾಕಿದರೆ ಸಾಕ್ಷಿ ಬೇಕು, ಇವರಿಗೂ ಒಂದು ಬಾಯಿ ಕೊಡಬೇಕು. ಯುದ್ಧಕಾಲದ ನಿಯಮವೊಂದಿತ್ತು, ಅದರಲ್ಲಿ ಅದೊಂದೂ ಬೇಡ. ಆದರೆ ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನಾಲ್ಕನೆಯ ದಿನ ವಕೀಲರ ಗುಮಾಸ್ತ ಇಂಗ್ಲಿಷಿನ ಒಂದು ಹಾಳೆಯ ನಕಲು ತಂದುಕೊಟ್ಟ. ಸಂಜೆ ಪೊರ್ಬುಗಳು ಕಚೇರಿಯಿಂದ ಬರುವುದನ್ನೇ ಕಾದು, ಅವರು ಕೋಟು ತೆಗೆಯುವ ಮೊದಲೇ ಹಾಳೆ ಮುಂದೆ ಹಿಡಿದೆ. ಅವರು ಜಗಲಿಯಲ್ಲಿ ನಿಂತೇ ಕನ್ನಡಕ ಏರಿಸಿ, ಕಚೇರಿಯ ರಾಗದಲ್ಲೇ ಕನ್ನಡ ಮಾಡಿ ಓದಿದರು: “ಇಂಥವನ ಮಗ ಇಂಥವನೆಂಬ ವ್ಯಕ್ತಿಯ ವಿಷಯದಲ್ಲಿ ಸರಕಾರಕ್ಕೆ ತೃಪ್ತಿಯಾಗಿರುತ್ತದೆ...”

ಅಷ್ಟರಲ್ಲಿ ಇಗರ್ಜಿಯ ಸಂಜೆಯ ಗಂಟೆ ಬಡಿಯಿತು. ಅವರಲ್ಲಿ ಆಮೋರಿ ಎನ್ನುತ್ತಾರೆ. ಆ ಗಂಟೆ ಕೇಳಿದರೆ ದಾರಿಯಲ್ಲಿ ಹೋಗುವವರೂ ನಿಂತು ಪ್ರಾರ್ಥನೆ ಮಾಡಬೇಕು. ಪೊರ್ಬುಗಳು ಹಾಳೆಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಒಳಗಿನಿಂದ ಬಾಯಮ್ಮನ ಪ್ರಾರ್ಥನೆಯ ಸ್ವರವೂ ಕೇಳಿತು.

ಅವರ ದೇವರ ಹೊತ್ತಿನಲ್ಲಿ ನಡುವೆ ನಿಲ್ಲಬಾರದು ಎಂದು ನಾನು ಮನೆಗೆ ಬಂದೆ. ಇನ್ನು ಕೇಳುವುದು ಎಂತ ಉಂಟು? ಸರಕಾರಕ್ಕೆ ತೃಪ್ತಿಯಾಗಿದೆ. ಊಟಕ್ಕೆ ಕೂತವರಿಗೆ ತೃಪ್ತಿಯಾಯಿತು ಎಂದರೆ ಬಡಿಸಿದವರ ತಪ್ಪೇನೂ ಇಲ್ಲ ಎಂದಲ್ಲವೇ? ಇವರದು ತಪ್ಪಿಲ್ಲವೆಂದು ಸರಕಾರಕ್ಕೆ ಗೊತ್ತಾಯಿತು, ನಾಳೆಯೋ ನಾಡಿದ್ದೋ ಬಿಡುತ್ತಾರೆ. ಅತ್ತೆಗೆ ಹೇಳಿದೆ. ಅವರು ದೇವರಿಗೆ ಎರಡು ದೀಪ ಹೆಚ್ಚು ಹಚ್ಚಿದರು. ಚೌತಿಗೆಂದು ಕಟ್ಟಿಟ್ಟ ಬೆಲ್ಲ ತೆಗೆದೆ. ಯುದ್ಧದ ಕಾಲದಲ್ಲಿ ಬೆಲ್ಲ ಸುಲಭವಾಗಿ ಸಿಗುತ್ತಿರಲಿಲ್ಲ. ಹೆಸರುಬೇಳೆ ಹುರಿದು, ತೆಂಗಿನಹಾಲು ಹಿಂಡಿ ಪಾಯಸ ಮಾಡಿದೆ. ಓಣಿಯ ಮನೆಮನೆಗೂ ಕೊಟ್ಟೆ. ‘ಸರಕಾರಕ್ಕೆ ತೃಪ್ತಿಯಾಗಿದೆಯಂತೆ’ ಎಂದು ಎಲ್ಲರಲ್ಲೂ ಹೇಳಿದೆ.

ಬೆಳಿಗ್ಗೆ ಒಂದು ತಂಬಿಗೆ ಪಾಯಸವನ್ನು ಪೊರ್ಬುಗಳ ಮನೆಗೆ ಒಯ್ದೆ. ಅವರು ತಂಬಿಗೆಯನ್ನು ಕೈಗೆ ತೆಗೆದುಕೊಂಡು, ಎಂತ ವಿಶೇಷ ಎಂದು ಕೇಳಿದರು. ನಾನು ಹೇಳಿದೆ.

ಅವರು ತಂಬಿಗೆಯನ್ನು ಕೆಳಗಿಡಲಿಲ್ಲ, ಹಿಂದೆ ಕೊಡಲೂ ಇಲ್ಲ. ಬಾಗಿದ ಕಿವಿಯ ಹಿಂದೆ ಕೈ ಹೋಯಿತು, ನಾನು ಹೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಹಾಗೆ.

“ಕೂತುಕೋ ಮಗಾ. ವಾಕ್ಯ ಮುಗಿಯಲಿಲ್ಲ.”

“ಎಂತ ಮುಗಿಯಲಿಲ್ಲ ಪೊರ್ಬುಳೆ?”

“ಗಂಟೆ ಆಯ್ತಲ್ಲ. ಅರ್ಧ ಬಾಕಿ ಉಂಟು. ನೀನು ಕೇಳಲಿಕ್ಕಾಗದೆ ಎದ್ದು ಹೋದದ್ದು ಅಂತ ನಾನು ಎಣಿಸಿದೆ.”

ಆಮೇಲೆ ಆ ಬಾಕಿ ಅರ್ಧ ಹೇಳಿದರು. ಸರಕಾರಕ್ಕೆ ತೃಪ್ತಿಯಾಗಿರುತ್ತದೆ, ಏನೆಂದರೆ, ಈ ಮನುಷ್ಯ ಹೊರಗಿದ್ದರೆ ರಾಜ್ಯದ ಶಾಂತಿಗೆ ಕೆಡುಕು, ಆದುದರಿಂದ ಅವನನ್ನು ಮುಂದಿನ ಅಪ್ಪಣೆಯ ತನಕ ಬಂಧನದಲ್ಲಿಡತಕ್ಕದ್ದು. ಯಾವಾಗ ಬಿಡುತ್ತಾರೆ ಎಂದು ಕೇಳಿದೆ. ಅದು ಇದರಲ್ಲಿ ಇಲ್ಲ ಎಂದರು. ಎಂತ ಮಾಡಿದ್ದಾರೆ ಅಂತ ಉಂಟಾ ಎಂದು ಕೇಳಿದೆ. ಅದೂ ಇಲ್ಲ ಎಂದರು. ಬಾಯಮ್ಮ ಬಂದು ಅವರ ಕೈಯಿಂದ ತಂಬಿಗೆ ತೆಗೆದುಕೊಂಡು ಒಳಗೆ ಹೋದರು. ಓಣಿಯವರೆಲ್ಲ ತಿಂದಾಗಿತ್ತು. ವಾಪಸು ಕೇಳುವಂಥದ್ದಲ್ಲ ಪಾಯಸ. ಯಾರೂ ನನ್ನನ್ನು ಹಂಗಿಸಲಿಲ್ಲ, ಅಷ್ಟು ದೇವರ ದಯೆ. ಒಬ್ಬಳು ಮಾತ್ರ ಬಾವಿಕಟ್ಟೆಯಲ್ಲಿ, ಇನ್ನು ನಿನ್ನ ಗಂಡನನ್ನು ಗಲ್ಲಿಗೆ ಹಾಕಿದರೆ ಹೋಳಿಗೆ ಮಾಡ್ತೀಯಾ ಮಾರಾಯ್ತಿ ಎಂದಳು. ಅವಳ ಬಾಯಿ ಹಾಗೆ.

ಪೊರ್ಬುಗಳೇ ನನ್ನನ್ನು ವಕೀಲರಲ್ಲಿಗೆ ಕರೆದುಕೊಂಡು ಹೋದರು. ಇಲ್ಲಿನ ಕೋರ್ಟಿನಲ್ಲಿ ಕೇಳುವ ಹಾಗಿಲ್ಲ, ಮದ್ರಾಸಿಗೆ ಅರ್ಜಿ ಹಾಕಬೇಕು ಎಂದರು ವಕೀಲರು. ಹಾಕಿದರೂ ಆಸೆ ಇಡಬೇಡಿ ಎಂದರು. ಅಪ್ಪಣೆ ಇದೆಯೇ, ಸಹಿ ಇದೆಯೇ, ಸರಕಾರಕ್ಕೆ ತೃಪ್ತಿಯಾಗಿದೆಯೇ, ಇಷ್ಟನ್ನೇ ನ್ಯಾಯಾಧೀಶರು ಕೇಳಬಹುದಂತೆ.

“ಎಂತ ತಿಂದು ತೃಪ್ತಿಯಾಯ್ತು ಅಂತ ಕೇಳಬಾರದಾ?” ಎಂದೆ ನಾನು.

ವಕೀಲರು ನಕ್ಕರು. ಪೊರ್ಬುಗಳು ನಗಲಿಲ್ಲ. ಹಾಗಾದರೆ ಕೇಳುವವರು ಯಾರು ಎಂದೆ. ಶಾಸನಸಭೆ ಕೇಳಬೇಕು, ಅದಕ್ಕೆ ಯುದ್ಧ ಶುರುವಾದಾಗಿನಿಂದ ಬೀಗ, ಸದಸ್ಯರಲ್ಲಿ ಅರ್ಧ ಜನ ನಿಮ್ಮ ಯಜಮಾನರ ಹಾಗೆಯೇ ಒಳಗೆ ಇದ್ದಾರೆ ಎಂದು ವಕೀಲರು ಹೇಳಿದರು. ಇಲ್ಲಿನ ದೊಡ್ಡ ದೊರೆ ಕಲೆಕ್ಟರರಲ್ಲೇ ಹೋಗಿ ಕಾಲು ಹಿಡಿಯುತ್ತೇನೆ ಎಂದೆ. ದಾರಿಯಲ್ಲಿ ಬರುವಾಗ ಪೊರ್ಬುಗಳು ಸ್ವರ ತಗ್ಗಿಸಿ ಹೇಳಿದರು: “ಬೆಳಿಗ್ಗೆ ಹಿಡೀರಿ ಅಂತ ಹೇಳುವುದೂ ಅದೇ ಕುರ್ಚಿ, ಮಧ್ಯಾಹ್ನ ಹಿಡಿದದ್ದು ಸರಿಯಾ ಅಂತ ನೋಡುವುದೂ ಅದೇ ಕುರ್ಚಿ ಮಗಾ. ನಡುವೆ ಊಟಕ್ಕೆ ಎದ್ದು ಹೋಗ್ತಾರೆ, ಅಷ್ಟೇ.” ಮೂವತ್ತು ವರ್ಷ ಆ ಕುರ್ಚಿಯ ಪಕ್ಕದಲ್ಲಿ ನಿಂತವರ ಬಾಯಿಂದ ಆ ಮಾತು ಮೊದಲ ಸಲ ಹೊರಬಿದ್ದದ್ದು ಅಂದೇ ಇರಬೇಕು.

ಅರ್ಜಿಯ ಜೊತೆ ನನ್ನ ಹೇಳಿಕೆ ಹೋಗಬೇಕಿತ್ತು. ನಾನು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ಇದನ್ನು ಈಕೆಗೆ ಓದಿ ತಿಳಿಸಿದವನು ನಾನು ಎಂದು ಒಬ್ಬರು ಕೆಳಗೆ ಸಹಿ ಮಾಡಬೇಕು. ವಕೀಲರು ಪೊರ್ಬುಗಳಿಗೆ, ನೀವು ಬೇಡ, ಸರಕಾರಿ ಅನ್ನ ತಿನ್ನುವವರು, ಪೆನ್ಶನಿಗೆ ಎರಡೇ ವರ್ಷ ಉಂಟು, ಬೇರೆ ಯಾರನ್ನಾದರೂ ನೋಡುವ ಎಂದರು. ಬೇರೆ ಯಾರು ಬರುತ್ತಾರೆ? ಆ ದಿನಗಳಲ್ಲಿ ನಮ್ಮ ಮನೆಯ ಗೇಟಿನ ಎದುರು ನೆಂಟರೂ ನಿಲ್ಲುತ್ತಿರಲಿಲ್ಲ.

ನನ್ನ ಹೇಳಿಕೆಯಲ್ಲಿ ಒಂದು ಮಾತು ಬರೆಯಲೇಬೇಕೆಂದು ನಾನು ಹಟ ಹಿಡಿದಿದ್ದೆ. ನನ್ನ ಗಂಡ ಜೋಡಿಸಿದ್ದು ಅಕ್ಷರ, ಮಾತು ಅವರದಲ್ಲ, ಎಂದು. ಪೊರ್ಬುಗಳು ಅದನ್ನು ಇಂಗ್ಲಿಷಿಗೆ ಮಾಡಿ, ಲೇಖನಿ ಕೆಳಗಿಟ್ಟರು.

“ನಿನ್ನ ಗಂಡನದೂ ನನ್ನದೂ ಒಂದೇ ಕಸುಬು. ಪರರ ಮಾತು ಹೊರುವುದು. ನಾನು ಎಷ್ಟು ಕೊಲೆ ಒಪ್ಪಿಕೊಂಡಿದ್ದೇನೆ, ನನ್ನನ್ನು ಒಬ್ಬ ಹಿಡಿದನಾ? ಅವನು ಒಂದು ಹಾಳೆ ಜೋಡಿಸಿದ್ದಕ್ಕೆ ಒಳಗೆ ಹೋದ.”

ಹಾಗೆ ಹೇಳಿ ಸಹಿ ಮಾಡಿದರು. ಬಾಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೇಡ ಎನ್ನಲಿಲ್ಲ. ಆ ಮೌನವನ್ನೂ ನಾನು ಸಾಲವೆಂದೇ ತಿಳಿದಿದ್ದೇನೆ.

ಮದ್ರಾಸಿನಿಂದ ಉತ್ತರ ಬಂತು. ಸರಕಾರಕ್ಕೆ ತೃಪ್ತಿಯಾಗಿದೆ ಎಂದು ಸರಕಾರ ಹೇಳಿರುವುದರಿಂದ, ಆ ತೃಪ್ತಿ ಸರಿಯೋ ತಪ್ಪೋ ಎಂದು ಕೋರ್ಟು ಅಳೆಯುವ ಹಾಗಿಲ್ಲ. ಅರ್ಜಿ ವಜಾ. ಈ ಸಲ ಪೊರ್ಬುಗಳು ಮೊದಲು ಪೂರ್ತಿ ತಮ್ಮೊಳಗೆ ಓದಿಕೊಂಡು, ಕೊನೆಯ ಸಾಲನ್ನು ಮೊದಲು ಹೇಳಿದರು. ಅಂದಿನಿಂದ ಯಾವ ಕಾಗದ ಕೊಟ್ಟರೂ ಹಾಗೆಯೇ, ಕೆಳಗಿನಿಂದ ಮೇಲಕ್ಕೆ.

ಒಂದು ತಿಂಗಳು ಕಳೆಯುವುದರೊಳಗೆ ಅವರಿಗೂ ಒಂದು ಕಾಗದ ಬಂತು. ಆಡಳಿತದ ಸೌಕರ್ಯಕ್ಕಾಗಿ ಅವರನ್ನು ಉತ್ತರದಲ್ಲಿ ಮೂರು ನಾಲ್ಕು ಹೊಳೆಗಳ ಕಡವು ದೋಣಿಯಲ್ಲಿ ದಾಟಿ ಹೋಗಬೇಕಾದ ಒಂದು ತಾಲೂಕು ಕಚೇರಿಗೆ ಹಾಕಿದ್ದರು. ಯಾರ ಸೌಕರ್ಯ, ಎಂತ ಸೌಕರ್ಯ ಎಂದು ಅದರಲ್ಲೂ ಇರಲಿಲ್ಲ. ನನ್ನಿಂದ ಹೀಗಾಯಿತು ಎಂದು ನಾನು ಅತ್ತರೆ, ಬಾಯಮ್ಮ, ಅಲ್ಲಿ ಮೀನು ತಾಜಾ ಸಿಗ್ತದಂತೆ, ಮರೆಯುವುದು ಹೇಗೆ ಅಂತ ನೋಡುವ ಎಂದು ನಗಿಸಲು ನೋಡಿದರು. ಬಾಯಮ್ಮ ಇಲ್ಲೇ ಉಳಿದರು. ಪೊರ್ಬುಗಳು ಹದಿನೈದು ದಿನಕ್ಕೊಮ್ಮೆ ಬಂದು ಹೋಗುವುದೆಂದಾಯಿತು.

ನಮ್ಮ ಹೊಸವರ್ಷದ ಬಿಸು ಕಳೆದು ವಾರವೋ ಹತ್ತು ದಿನವೋ, ಅವರು ಊರಿಗೆ ಬಂದಿದ್ದಾಗ ಪೇಪರಿನಲ್ಲಿ ಒಂದು ಸುದ್ದಿ. ದಿಲ್ಲಿಯ ದೊಡ್ಡ ಕೋರ್ಟು, ಜನರನ್ನು ಹೀಗೆ ಹಿಡಿದಿಡುವ ಆ ನಿಯಮವೇ ಕಾಯಿದೆಗೆ ಸರಿಯಾಗಿಲ್ಲ ಎಂದು ಹೇಳಿತ್ತು. ಓಣಿಯಲ್ಲೆಲ್ಲ ಅದೇ ಮಾತು. ನಾನು ಗೋಡೆಯ ಹತ್ತಿರ ಓಡಿದೆ. ಪೊರ್ಬುಗಳು ಪೇಪರು ಮಡಿಸಿ ಕೈಯಲ್ಲಿ ಹಿಡಿದು ನಿಂತಿದ್ದರು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ.

“ಬೇಳೆ ಹುರಿಯಬೇಡ ಮಗಾ. ಒಂದು ವಾರ ನೋಡುವ” ಎಂದರು.

ವಾರ ತುಂಬುವುದರೊಳಗೆ ವೈಸರಾಯರು ಒಂದು ಸಹಿ ಹಾಕಿ, ಕೋರ್ಟು ತಪ್ಪೆಂದ ಜಾಗವನ್ನು ಸರಿಮಾಡಿಬಿಟ್ಟರು. ಹಿಂದೆ ಹಿಡಿದದ್ದೂ ಸರಿಯಾದದ್ದೇ ಎಂದಾಯಿತು. ನ್ಯಾಯಾಧೀಶರಿಗೆ ವರ್ಷಗಟ್ಟಲೆ ಓದಿ ಕಂಡ ತಪ್ಪು, ಸರಿಯಾಗಲು ಒಂದು ವಾರವೂ ಬೇಕಾಗಲಿಲ್ಲ. ನಾನು ಸೋಮವಾರ ಕದ್ರಿಗೆ ಹೋಗಿ ಮಂಜುನಾಥನ ಎದುರು ನಿಂತೆ. ಬೇಡಲು ಬಾಯಿ ಬರಲಿಲ್ಲ. ದೀಪಕ್ಕೆ ಎಣ್ಣೆ ಕೊಟ್ಟು ಬಂದೆ. ಮನೆಯವರ ಕಾಗದ ತಿಂಗಳಿಗೊಂದು ಬರುತ್ತಿತ್ತು. ಅರ್ಧಕ್ಕೆ ಕಪ್ಪು ಮಸಿ ಬಳಿದಿರುತ್ತಿತ್ತು. ‘ಕ್ಷೇಮ’ ಎಂಬ ಶಬ್ದಕ್ಕೆ ಮಸಿ ಬಳಿದಿರಲಿಲ್ಲ. ಅದೂ ದೇವರ ದಯೆಯೇ.

ಎರಡನೆಯ ಮಳೆಗಾಲದಲ್ಲಿ ಪೊರ್ಬುಗಳು ಕಡವಿನಲ್ಲಿ ನೆನೆದು ಜ್ವರ ಹಿಡಿಸಿಕೊಂಡರು. ಇಪ್ಪತ್ತು ದಿನ ಮಲಗಿದರು. ಎದ್ದಾಗ ಎರಡು ಕಿವಿಯೂ ಹೋಗಿತ್ತು. ಕೇಳದ ದುಬಾಷಿಯನ್ನು ಯಾವ ಕಚೇರಿ ಇಟ್ಟುಕೊಳ್ಳುತ್ತದೆ? ಪೆನ್ಶನಿನ ಅವಧಿ ತುಂಬುವ ಮೊದಲೇ ಮನೆಗೆ ಕಳಿಸಿದರು. ಆ ಮೇಲೂ ಅವರು ಜಗಲಿಯಲ್ಲಿ ಕೂತು ಬಾಗಿದ ಕಿವಿಯ ಹಿಂದೆ ಅಂಗೈ ಇಟ್ಟುಕೊಳ್ಳುತ್ತಿದ್ದರು. ಸಂಜೆಯ ಗಂಟೆ ಬಡಿದರೆ ಬಾಯಮ್ಮ ಬಂದು ಹೆಗಲು ಮುಟ್ಟಬೇಕು. ಆಗ ಎದ್ದು ಕಣ್ಣು ಮುಚ್ಚುತ್ತಿದ್ದರು.

ಯುದ್ಧ ಮುಗಿದ ಮೇಲೆ ಒಂದು ದಿನ ನನಗೆ ಅಂಚೆಯಲ್ಲಿ ಇಂಗ್ಲಿಷಿನ ಹಾಳೆ ಬಂತು. ಇಂಗ್ಲಿಷ್ ನನಗೆ ಬರುವುದಿಲ್ಲ, ಆದರೆ ಆ ಒಂದು ಶಬ್ದದ ರೂಪ ಗೊತ್ತು. ಮೂರು ವರ್ಷ ಆ ಹಳೆಯ ಹಾಳೆಯನ್ನು ದೇವರ ಮಣೆಯ ಕೆಳಗೆ ಇಟ್ಟು ದಿನಾ ನೋಡಿದವಳು ನಾನು. ಈ ಹಾಳೆಯಲ್ಲೂ ಅದೇ ಶಬ್ದ ಇತ್ತು. ಇನ್ನೂ ಎಷ್ಟು ವರ್ಷ ಎಂದುಕೊಂಡು, ಪೊರ್ಬುಗಳ ಎದುರು ಹಿಡಿದು, ಶಬ್ದದ ಮೇಲೆ ಬೆರಳಿಟ್ಟೆ.

ಅವರು ಕೆಳಗಿನಿಂದ ಮೇಲಕ್ಕೆ ಓದಿದರು. ಓದಿ, ಕಿವುಡರು ಮಾತಾಡುವ ಹಾಗೆ ಗಟ್ಟಿಯಾಗಿ, “ಬಿಟ್ಟಿದ್ದಾರೆ” ಎಂದರು. ಇನ್ನು ಬಂಧನ ಬೇಡವೆಂದು ಸರಕಾರಕ್ಕೆ ತೃಪ್ತಿಯಾಗಿದೆಯಂತೆ. ಕೋರ್ಟು ಹೇಳಿದ್ದಕ್ಕಲ್ಲ, ಯಾವ ಸಭೆ ಕೇಳಿದ್ದಕ್ಕೂ ಅಲ್ಲ. ಹಿಡಿಸಿದ ಶಬ್ದವೇ ಬಿಡಿಸಿತು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಪೊರ್ಬುಗಳು ಕಿಸೆಯಿಂದ ಪೆನ್ಸಿಲು ತೆಗೆದು, ಹಾಳೆಯ ಹಿಂದೆ ಕನ್ನಡದಲ್ಲಿ ಒಂದು ಸಾಲು ಬರೆದು ನನ್ನ ಕೈಗೆ ಕೊಟ್ಟರು. ‘ಸರಕಾರಕ್ಕೆ ಹಾಗೆ ಅನ್ನಿಸಿತು.’

“ಅಷ್ಟೇ ಮಗಾ ಅದರ ಅರ್ಥ. ಆವತ್ತು ಇಷ್ಟು ಹೇಳಿದ್ದರೆ ಸಾಕಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ‘ಸ್ಯಾಟಿಸ್ಫೈಡ್’ ಅಂತ ಕೋಟು ಹಾಕಿದ್ದಾರೆ, ನಾನು ಕೋಟು ನೋಡಿ ತೃಪ್ತಿ ಅಂದುಬಿಟ್ಟೆ. ತಪ್ಪು ನಾನು ಮಾಡಿದೆ.”

ಆ ಒಂದು ಶಬ್ದಕ್ಕಾಗಿ ಅವರು ಪಾದ್ರಿಗಳಲ್ಲಿ ಪಾಪನಿವೇದನೆಯನ್ನೂ ಮಾಡಿದ್ದರಂತೆ, ಅದು ಪಾಪವಲ್ಲ ಎಂದು ಪಾದ್ರಿಗಳು ಹೇಳಿದರೂ ಕೇಳಿರಲಿಲ್ಲವಂತೆ. ಬಾಯಮ್ಮ ಬಾಗಿಲಲ್ಲಿ ನಿಂತು ಇದನ್ನು ಹೇಳಿ, “ಜೀವಮಾನ ಎಲ್ಲ ಊರವರದ್ದು ಒಪ್ಪಿಕೊಂಡರು. ಇದೊಂದು ಅವರದ್ದೇ ಅಂತ ಹಿಡಿದುಕೊಂಡಿದ್ದಾರೆ” ಎಂದರು. ಹೇಳುವಾಗ ನಗಲಿಲ್ಲ.

ಮನೆಯವರು ಬಂದರು. ಹೋಗುವಾಗ ಇದ್ದ ಮನುಷ್ಯ ಅಲ್ಲ. ಕೆಮ್ಮು, ಯಾರಾದರೂ ಗೇಟು ತೆಗೆದರೆ ಎದ್ದು ನಿಲ್ಲುವ ಅಭ್ಯಾಸ. ಯಾವ ಛಾಪಖಾನೆಯೂ ಕೆಲಸ ಕೊಡಲಿಲ್ಲ. ಜಗಲಿಯ ಹಲಗೆಯ ಮೇಲೆ ಬೆರಳಿನಿಂದ ಇಲ್ಲದ ಮೊಳೆ ಜೋಡಿಸುತ್ತಾ ಕೂರುತ್ತಿದ್ದರು. ಆದರೂ ಬಂದರಲ್ಲ. ಬಾರದವರ ಹೆಂಡಂದಿರೂ ಇದ್ದಾರೆ. ಗೋಡೆಯ ಆಚೆ ಕೇಳದವರೊಬ್ಬರು, ಈಚೆ ಮಾತಾಡದವರೊಬ್ಬರು, ಸಂಜೆ ಒಬ್ಬರನ್ನೊಬ್ಬರು ನೋಡುತ್ತಾ ಕೂತಿರುತ್ತಿದ್ದರು. ಮರುವರ್ಷದ ಮಳೆಗಾಲದಲ್ಲಿ ಪೊರ್ಬುಗಳು ತೀರಿಕೊಂಡರು. ಬಾಯಮ್ಮ ಗಂಟೆಗೆ ಹೆಗಲು ಮುಟ್ಟಿದಾಗ ಅವರು ಏಳಲಿಲ್ಲ. ನನ್ನ ಮನೆಯವರು ಜೈಲಿನಿಂದ ಬಂದ ಮೇಲೆ ಗೇಟು ದಾಟಿ ಹೊರಗೆ ಹೋದದ್ದು ಅದೇ ಮೊದಲು, ಶವದ ಪೆಟ್ಟಿಗೆಯ ಹಿಂದೆ, ಅವರನ್ನು ಮಣ್ಣು ಮಾಡುವ ಸಿಮಿತ್ರಿಯವರೆಗೆ.

ಅಷ್ಟರಲ್ಲಿ ಶಾಸನಸಭೆಯ ಬೀಗ ತೆಗೆದಿದ್ದರು. ಕೂತವರು ನಮ್ಮವರೇ, ಇವರ ಹಾಗೆ ಜೈಲಿನ ಗಂಜಿ ಕುಡಿದು ಬಂದವರೇ. ನಾನು ಕೈ ಮುಗಿದೆ. ಸ್ವಲ್ಪ ಕಾಲದಲ್ಲಿ ಒಂದು ದಿನ ಮನೆಯವರು ಪೇಪರು ಗಟ್ಟಿಯಾಗಿ ಓದುತ್ತಿದ್ದರು. ಮದ್ರಾಸಿನ ಸಭೆ ಒಂದು ಹೊಸ ಕಾಯಿದೆ ಮಾಡಿದೆ, ಯಾವನಾದರೂ ಶಾಂತಿಗೆ ಕೆಡುಕು ಮಾಡುವನೆಂದು ಸರಕಾರಕ್ಕೆ ಮನದಟ್ಟಾದಲ್ಲಿ, ವಿಚಾರಣೆಯಿಲ್ಲದೆ ಅವನನ್ನು ಹಿಡಿದಿಡಬಹುದು. ಓದುತ್ತಾ ಅವರು ಅಲ್ಲಿಗೆ ನಿಲ್ಲಿಸಿದರು. ನಾನು ಕೈಯಲ್ಲಿದ್ದ ಅಕ್ಕಿಯ ಗೆರಸೆ ಕೆಳಗಿಟ್ಟು ಕೇಳಿದೆ.

“ಮನದಟ್ಟಾದರೆ ಅಂದರೆ, ಅನ್ನಿಸಿದರೆ ಅಂತ ಅಲ್ವಾ?”

“ಹೌದು” ಎಂದರು ಮನೆಯವರು.

“ಮುಂದೆ ಓದಿ. ಬಾಕಿ ಅರ್ಧ ಎಂತ ಉಂಟು?”

ಅವರು ಪೂರ್ತಿ ಓದಿದರು. ನಾನು ಕೊನೆಯ ಶಬ್ದದವರೆಗೂ ಕೂತು ಕೇಳಿದೆ. ಇಗರ್ಜಿಯ ಗಂಟೆ ಬಡಿಯುತ್ತಿತ್ತು, ಏಳಲಿಲ್ಲ. ಪೊರ್ಬುಗಳಿಂದ ಕಲಿತದ್ದು ಇದೊಂದೇ, ಅದನ್ನು ಬಿಟ್ಟಿಲ್ಲ. ಆಮೇಲೆ ಹಳೆಯ ಎರಡು ಹಾಳೆಗಳ ಜೊತೆ ಆ ಪೇಪರಿನ ತುಂಡನ್ನೂ ದೇವರ ಮಣೆಯ ಕೆಳಗೆ ಇಟ್ಟೆ. ಸತ್ತವರ ಹಬ್ಬದ ದಿನ ಬಾಯಮ್ಮನ ಜೊತೆ ಸಿಮಿತ್ರಿಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬರುತ್ತೇನೆ. ಪಾಯಸವನ್ನು ಈಗಲೂ ಮಾಡುತ್ತೇನೆ, ಹಬ್ಬಕ್ಕೆ ಮಾಡದಿದ್ದರೆ ದೇವರು ಎಂತ ಎಣಿಸಿಯಾನು. ಆದರೆ ಬಡಿಸಿ ಆದ ಮೇಲೆ, ಹೊಟ್ಟೆ ತುಂಬಿತಾ ಎಂದು ಮಾತ್ರ ಕೇಳುತ್ತೇನೆ. ಇನ್ನೊಂದು ಶಬ್ದ ನಮ್ಮ ಮನೆಯಲ್ಲಿ ಇಲ್ಲ.